ನಲವತ್ತೇಳನೇ ನಂಬರಿನ ಹೊಲಿಗೆ

ಕಿಯೇರಿ
18 ಮೇ 2014, ಭಾನುವಾರ

ಪ್ರೀತಿಯ ಸಾಂತೀನಾ,

ಮೊದಲು ಒಳ್ಳೆಯ ಸುದ್ದಿ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಂಡಿರಲು ಆಗುತ್ತಿಲ್ಲ. ನಾನು ಒಂದು ಕಾರಿಗೆ ಟಾಪು, ಅದೇ ಮಡಚುವ ಬಟ್ಟೆಯ ಚಾವಣಿ, ಹಾಕಿದೆ. ಹೊಲಿದುಕೊಟ್ಟೆ ಎಂದಲ್ಲ, ಹಾಕಿದೆ. ಹಳೆಯದನ್ನು ಬಿಚ್ಚಿ, ಹೊಸ ಬಟ್ಟೆ ಕತ್ತರಿಸಿ, ಹಿಂದಿನ ಪ್ಲಾಸ್ಟಿಕ್ ಕಿಟಕಿ ಹೊಲಿದು, ಕಬ್ಬಿಣದ ಕಮಾನುಗಳ ಮೇಲೆ ಎಳೆದು ಬಿಗಿದು, ಕೊಕ್ಕೆ ಹಾಕಿ ಮುಚ್ಚುವ ತನಕ ಎಲ್ಲವನ್ನೂ ನಾನೇ ಮಾಡಿದೆ. ಏಳು ವರ್ಷ ಪಕ್ಕಪಕ್ಕದ ಮಷೀನಿನಲ್ಲಿ ಕೂತು ನಾವಿಬ್ಬರೂ ಎಷ್ಟು ಸಾವಿರ ಟಾಪು ಹೊಲಿದೆವೋ ಲೆಕ್ಕವಿಲ್ಲ. ಒಂದಾದರೂ ಕಾರಿನ ಮೇಲೆ ಕೂರುವುದನ್ನು ಹತ್ತಿರದಿಂದ ನೋಡಿದ್ದೆವೇ? ಹೊಲಿಗೆ ನಮ್ಮದು, ಕೂರಿಸುವುದು ಆಚೆ ಶೆಡ್ಡಿನ ಗಂಡಸರದು. ನಾವು ಮಡಚಿ ಕಟ್ಟು ಕಟ್ಟಿ ಗಾಡಿಗೆ ಹಾಕುತ್ತಿದ್ದೆವು. ಮದುವೆಮನೆಗೆ ಅಡುಗೆ ಮಾಡಿಕೊಟ್ಟು ಹಿಂಬಾಗಿಲಿನಿಂದ ಮನೆಗೆ ಹೋದ ಹಾಗೆ.

ನಿನ್ನ ಗಂಡ ಕಾಲೋಜೆರೊ ತೀರಿಕೊಂಡ ಮೇಲೆ ನಿನ್ನಿಂದ ಕಪ್ಪು ಅಂಚಿನ ಅಚ್ಚು ಹಾಕಿಸಿದ ಕಾರ್ಡು ಬಂತು. ಆಮೇಲೆ ಎರಡು ವರ್ಷ ಒಂದಕ್ಷರವಿಲ್ಲ. ನಾನು ಬರೆದ ಎರಡು ಪತ್ರಕ್ಕೂ ಉತ್ತರವಿಲ್ಲ. ಕ್ರಿಸ್‌ಮಸ್ಸಿಗೆ ಫೋನು ಮಾಡಿದರೆ “ಚೆನ್ನಾಗಿದೀನಿ, ನೀನು ಚೆನ್ನಾಗಿದೀಯಾ, ಸರಿ ಇಡ್ತೀನಿ” ಎನ್ನುತ್ತೀಯ. ಮೊದಲು ಎಂಥ ಪತ್ರಗಳು ಬರುತ್ತಿದ್ದವು! ಸಮುದ್ರದ ಬಣ್ಣ, ನಿಂಬೆಗಿಡದ ಹೂವು, ಸಂಜೆ ಬಂದರಿಗೆ ಮರಳುವ ದೋಣಿಗಳು. ನಾನು ಅವನ್ನು ನನ್ನ ಗಂಡ ಸೆಕೊಂಡೊಗೂ ಓದಿ ಹೇಳುತ್ತಿದ್ದೆ. ನಿನಗೆ ನನ್ನ ಮೇಲೆ ಕೋಪವಿದೆಯೇನೋ ಎಂದು ಇತ್ತೀಚೆಗೆ ಅನ್ನಿಸತೊಡಗಿದೆ. ಇದ್ದರೆ ಇರಲಿ. ಈ ಪತ್ರ ಓದಿದ ಮೇಲೆ ಅದು ಇನ್ನೂ ಹೆಚ್ಚಬಹುದು. ಆದರೂ ಮೊದಲಿನಿಂದ ಹೇಳುತ್ತೇನೆ.

ಮಾರ್ಚ್ ಕೊನೆಯಲ್ಲಿ ಸೆಕೊಂಡೊ ಕಾಫಿ ಕುಡಿಯಲು ಹೋದವನು ಒಬ್ಬ ಮನುಷ್ಯನನ್ನು ಮನೆಗೆ ಕರೆತಂದ. ಎವಾಸಿಯೊ ರಾವೆರಾ ಎಂದು ಹೆಸರು, ಮನೆಮನೆಗೆ ಹೋಗಿ ಪಿಯಾನೊ ಶ್ರುತಿ ಮಾಡಿಕೊಡುವವರು, ಎಪ್ಪತ್ತರ ಆಸುಪಾಸು. ಬಾಗಿಲ ಮುಂದೆ ಅವರ ಎರಡು ಸೀಟಿನ ಕಾರು ನಿಂತಿತ್ತು. ಒಂದೇ ನೋಟಕ್ಕೆ ಗೊತ್ತಾಯಿತು, ನಮ್ಮ ಕಾರ್ಖಾನೆಯದೇ. ಎಂಬತ್ತೊಂದರಲ್ಲಿ ಹೊಸದಾಗಿ ಕೊಂಡದ್ದಂತೆ. ಟಾಪಿನ ಬಟ್ಟೆ ಮಡಿಕೆಗಳಲ್ಲಿ ಸವೆದು ದಾರ ದಾರವಾಗಿತ್ತು. ಹಿಂದಿನ ಪ್ಲಾಸ್ಟಿಕ್ ಕಿಟಕಿ ಹಳದಿಗಟ್ಟಿ, ಮಧ್ಯದಲ್ಲಿ ಸೀಳಿ, ಅದರ ಮೇಲೆ ಅಂಟುಪಟ್ಟಿ.

“ಮಳೆ ಬಂದ್ರೆ ತೊಡೆ ಮೇಲೆ ಟವೆಲ್ ಹಾಕ್ಕೊಂಡು ಓಡಿಸ್ತೀನಿ, ಸಿನ್ಯೋರಾ,” ಎಂದರು ರಾವೆರಾ. “ಹಿಂದಿನ ಕಿಟಕಿ ಅಂತೂ ಬಿಡಿ, ಚಹಾ ಸೋಸಿದ ಹಾಗಿದೆ. ಮೊನ್ನೆ ಪೊಲೀಸ್ನೋರು ಎರಡು ಕಿಲೋಮೀಟರು ನನ್ನ ಬೆನ್ನಿಗೇ ಸೈರನ್ ಹಾಕ್ಕೊಂಡು ಬಂದಿದಾರೆ. ಪಾಪ, ಯಾರಿಗೋ ಹುಷಾರಿಲ್ಲ, ಆಂಬುಲೆನ್ಸು ಅಂದ್ಕೊಂಡು ನಾನು ಪಕ್ಕಕ್ಕೆ ಸರೀತಾ ಇದ್ದೆ.”

ಜೂನ್ ಕೊನೆಯೊಳಗೆ ಸರ್ಕಾರದ ವಾಹನ ತಪಾಸಣೆ. ಈ ಕಿಟಕಿಯಲ್ಲಿ ಪಾಸಾಗುವುದಿಲ್ಲ. ಎರಡು ಗ್ಯಾರೇಜಿಗೆ ಹೋಗಿ ಬಂದಿದ್ದರು. ಒಬ್ಬ ಎಲ್ಲಿಂದಲೋ ಸಿದ್ಧ ಟಾಪು ತರಿಸಿ ಮೇಲೆ ಹಾಕಿ ನೋಡಿದನಂತೆ, ಬೇರೆಯವರ ಅಂಗಿ ತೊಟ್ಟ ಹಾಗಿತ್ತಂತೆ. ಇನ್ನೊಬ್ಬ, ಮಾರಿಬಿಡಿ ಎಂದನಂತೆ. “ಮೂವತ್ಮೂರು ವರ್ಷದಿಂದ ಗುಡ್ಡದ ಮೇಲಿನ ಮನೆಗಳಿಗೆಲ್ಲ ಇದರಲ್ಲೇ ಹೋಗಿದೀನಿ. ದೂರದಿಂದ ಕಂಡ್ರೆ ಮಕ್ಕಳು ಪಿಯಾನೊದವರು ಬಂದ್ರು ಅಂತಾರೆ. ಇದನ್ನ ಮಾರಿದ್ರೆ ನಾನು ಬರೀ ಒಬ್ಬ ಮುದುಕ,” ಎಂದು ನೆಲ ನೋಡುತ್ತ ನಿಂತರು.

ನಾನು ಮಾಡುತ್ತೇನೆ ಎಂದುಬಿಟ್ಟೆ. ಅವರು ಹೋದ ಮೇಲೆ ಸೆಕೊಂಡೊ ಶುರು ಮಾಡಿದ. “ಏನೋ ಹರಿದದ್ದನ್ನ ಹೊಲಿದುಕೊಡ್ತಾಳೆ ಅಂತ ಕರ್ಕೊಂಡು ಬಂದ್ರೆ ಇಡೀ ಕಾರೇ ತಲೆ ಮೇಲೆ ಎಳ್ಕೊಂಡೆಯಲ್ಲೇ. ಹೊಲಿಯೋದು ಬೇರೆ, ಕೂರಿಸೋದು ಬೇರೆ. ಕೇಕ್ ಮಾಡೋಕೆ ಬರುತ್ತೆ ಅಂತ ಒಲೆ ಕಟ್ಟೋಕೆ ಹೋಗ್ತಾರಾ ಯಾರಾದ್ರೂ?”

“ಇಪ್ಪತ್ತೆಂಟು ವರ್ಷ ಟ್ರಾಮ್ ಓಡಿಸಿದೋನು ನೀನು,” ಎಂದೆ. “ಒಂದಿನ ಸ್ಟೇರಿಂಗ್ ಹಿಡಿದಿದೀಯಾ? ಕಂಬಿ ಕರ್ಕೊಂಡು ಹೋದ ಕಡೆ ಹೋಗಿದೀಯ. ಸುಮ್ನಿರು.”

ಒಳಗೊಳಗೆ ನನಗೂ ಹೆದರಿಕೆಯಿತ್ತು, ನಿನ್ನ ಹತ್ತಿರ ಯಾಕೆ ಮುಚ್ಚಿಡಲಿ. ಗೊತ್ತಿಲ್ಲದ ಕೆಲಸ, ಇನ್ನೊಬ್ಬರ ಪ್ರಾಣದಂಥ ಕಾರು. ಆದರೆ ಬಿಚ್ಚುವಾಗ ಕತ್ತರಿ ಮುಟ್ಟಬಾರದು ಎನ್ನುವುದು ಮಾತ್ರ ಗೊತ್ತಿತ್ತು. ಹಳೆಯ ಟಾಪೇ ಹೊಸದಕ್ಕೆ ಅಳತೆ. ಒಂದೊಂದೇ ಪಿನ್ನು ಕಿತ್ತೆ, ಮುಂದಿನ ಗಾಜಿನ ಮೇಲಿನ ಅಡ್ಡಪಟ್ಟಿಗೆ ಅಂಟಿದ್ದ ಬಟ್ಟೆಯನ್ನು ಬಿಸಿಗಾಳಿ ಹಾಯಿಸಿ ಬಿಡಿಸಿದೆ, ಎರಡೂ ಬದಿಯ ತಂತಿ ಹೊರಗೆಳೆದೆ. ಇಡೀ ಟಾಪನ್ನು ಊಟದ ಮೇಜಿನ ಮೇಲೆ ಹರಡಿ, ಪ್ರತಿ ತುಂಡಿನ ಮೇಲೂ ಸೀಮೆಸುಣ್ಣದಲ್ಲಿ ಎಡ, ಬಲ, ಮುಂದೆ, ಹಿಂದೆ ಎಂದು ಬರೆದು ಹೊಲಿಗೆ ಬಿಚ್ಚತೊಡಗಿದೆ. ಎರಡು ವಾರ ನಾವು ಅಡುಗೆಮನೆಯ ಕಟ್ಟೆಯ ಹತ್ತಿರ ನಿಂತೇ ಊಟ ಮಾಡಿದೆವು. ಸೆಕೊಂಡೊ ಗೊಣಗುತ್ತಲೇ ಕಮಾನುಗಳ ತುಕ್ಕು ಉಜ್ಜಿ ಕಪ್ಪು ಬಣ್ಣ ಬಳಿದ. ಅವನು ಬಳಿದದ್ದು ಚೆನ್ನಾಗಿಯೇ ಬಂದಿದೆ, ಅವನಿಗೆ ಹೇಳಿಲ್ಲ.

ಕಿಟಕಿಯ ಕೆಳಗಿನ ಮಡಿಕೆ ಬಿಚ್ಚಿದಾಗ ಒಳಗಿನಿಂದ ಒಂದು ಸಣ್ಣ ಬಟ್ಟೆಯ ಚೀಟಿ ಕಂಡಿತು. ಹೊಲಿದವರ ನಂಬರು. ಶಾಯಿ ಕಂದಾಗಿತ್ತು, ಆದರೆ ಅಂಕಿ ಸ್ಪಷ್ಟ. 47.

ನಾನು ಕುರ್ಚಿ ಎಳೆದುಕೊಂಡು ಕೂತೆ, ಸಾಂತೀನಾ. ಕಿಟಕಿಯ ಸುತ್ತಲಿನ ಹೊಲಿಗೆಯ ಮೇಲೆ ಹೆಬ್ಬೆರಳಿಟ್ಟು ಎಣಿಸಿದೆ. ಬೆರಳಿನ ಅಗಲಕ್ಕೆ ನಾಲ್ಕು. ಇನ್ನೊಂದು ಕಡೆ ಎಣಿಸಿದೆ, ಅಲ್ಲೂ ನಾಲ್ಕು. ಪ್ಲಾಸ್ಟಿಕ್ ಹಳದಿಯಾಗಿ, ಒಣಗಿ, ಮಡಚಿ ಮಡಚಿ ನಡುವೆ ಸೀಳಿದೆ. ಬಟ್ಟೆ ಸವೆದಿದೆ. ಆದರೆ ನಿನ್ನ ಹೊಲಿಗೆಯ ಸಾಲು ಒಂದು ಬೆರಳಿನಷ್ಟೂ ಬಿಟ್ಟುಕೊಟ್ಟಿಲ್ಲ. ಮೂವತ್ಮೂರು ವರ್ಷ ಮಳೆ, ಹಿಮ, ಬಿಸಿಲು, ಎಲ್ಲವನ್ನೂ ತಡೆದಿದೆ. ಸೆಕೊಂಡೊನನ್ನು ಕರೆದು ತೋರಿಸಿದೆ. “ನೋಡು, ಸಾಂತೀನಾ ಹೊಲಿಗೆ ಇದು,” ಎಂದೆ. ನನ್ನ ಮಗಳೇನೋ ಬಹುಮಾನ ತಂದಿದ್ದಾಳೆ ಎನ್ನುವ ಹಾಗೆ ಹೇಳಿದೆನಂತೆ, ಅವನು ಆಮೇಲೆ ನಗಾಡಿದ.

ಇನ್ನು ಹೇಳಬೇಕಾದದ್ದು.

ಎಂಬತ್ತೆರಡರ ಜನವರಿ. ನೀನು ಬಸುರಿ ಎಂದು ಇಡೀ ವಿಭಾಗದಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಹೊಸ ಪ್ಲಾಸ್ಟಿಕ್ ಸುರುಳಿ ಬಿಚ್ಚಿದ ಕೂಡಲೇ ಆ ವಾಸನೆಗೆ ನಿನಗೆ ವಾಂತಿ ಬರುತ್ತಿತ್ತು. ನೀನು ಬಟ್ಟೆ ಬದಲಿಸುವ ಕೋಣೆಯಲ್ಲಿ ಹೋಗಿ ಕೂರುತ್ತಿದ್ದೆ, ನಿನ್ನ ದಿನದ ಲೆಕ್ಕ ಕಡಿಮೆಯಾಗದಿರಲೆಂದು ನಾನು ನಿನ್ನ ಮಷೀನಿನಲ್ಲಿ ಕೂತು ನಿನ್ನ ಕಿಟಕಿಗಳನ್ನು ಹೊಲಿದು 47ರ ಚೀಟಿ ಹಾಕುತ್ತಿದ್ದೆ. ಅಲ್ಲಿಯ ತನಕ ನನ್ನದು ತಪ್ಪಲ್ಲ. ಆದರೆ ನಾನು ಹೊಲಿಗೆಯನ್ನು ಸಣ್ಣದು ಮಾಡಿದೆ. ಬೆರಳಿಗೆ ಏಳು. ಯಾಕೆ ಗೊತ್ತೇ? ನೋಡಲು ಚೆಂದ ಕಾಣುತ್ತಿತ್ತು. ನಿನಗಿಂತ ನಯವಾಗಿ ಹೊಲಿಯುತ್ತೇನೆ ಎಂದು ನನಗೆ ನಾನೇ ತೋರಿಸಿಕೊಳ್ಳುವ ಆಸೆ. ಆ ವರ್ಷದ ಚಳಿ ನಿನಗೆ ನೆನಪಿರಬೇಕು. ಪ್ಲಾಸ್ಟಿಕ್ ಬಿರುಸಾಗಿ, ಮಡಚಿದ ಕಡೆ ಅಂಚೆಚೀಟಿ ಹರಿದ ಹಾಗೆ ಆ ತೂತುಗಳ ಸಾಲಿಗೇ ಹರಿದುಬಂತು. ಮೂವತ್ತೊಂದು ಟಾಪು ವಾಪಸು ಬಂದವು. ಎಲ್ಲದರಲ್ಲೂ 47.

ನಮ್ಮ ಸೂಪರ್‌ವೈಸರ್ ಮುಸ್ಸೊ ಕೂಗಾಡುವ ಮನುಷ್ಯನಲ್ಲ. ಒಂದು ಕಾಗದ ತಂದು ನಿನ್ನ ಮಷೀನಿನ ಮೇಲಿಟ್ಟ, ಸಹಿಯ ಜಾಗಕ್ಕೆ ಬೆರಳು ತೋರಿಸಿದ. ತಪ್ಪು ನನ್ನದೇ ಎಂದು ಒಪ್ಪುವ ಕಾಗದ ಅದು. ನೀನು ಕೂಡಲೇ ಸಹಿ ಹಾಕಿದೆ. ಹಾಕಿ, ನನ್ನ ಕಡೆ ತಿರುಗಿ ನಕ್ಕೆ. ಮರುದಿನ ನಿನ್ನನ್ನು ಬಟ್ಟೆ ಮಡಚುವ ಉಗ್ರಾಣಕ್ಕೆ ಹಾಕಿದರು. ಏಪ್ರಿಲಿನಲ್ಲಿ ನೀನೂ ಕಾಲೋಜೆರೊನೂ ದಕ್ಷಿಣದ ನಿಮ್ಮ ಊರಿಗೆ ಹೊರಟುಹೋದಿರಿ. ನನ್ನ ಹೆಸರು ಹೇಳಿದ್ದರೆ ಇಬ್ಬರ ಕೆಲಸವೂ ಹೋಗುತ್ತಿತ್ತು, ಅದಕ್ಕೇ ನೀನು ಎಲ್ಲವನ್ನೂ ಮೈಮೇಲೆ ಎಳೆದುಕೊಂಡೆ. ಆ ನಗು ನನ್ನನ್ನು ಬಿಟ್ಟಿಲ್ಲ. ಇಷ್ಟು ವರ್ಷ ನೀನೂ ಅದರ ಬಗ್ಗೆ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ನಿನ್ನದು ದೊಡ್ಡತನ. ನನ್ನದು ಏನು ಎಂದು ನೀನೇ ಹೆಸರಿಡು.

ಹೊಸ ಕಿಟಕಿಯನ್ನು ನಾಲ್ಕರಲ್ಲೇ ಹೊಲಿದೆ. ಮೊದಲನೆಯದನ್ನು ಹಾಳು ಮಾಡಿದೆ, ಅದನ್ನೂ ಬರೆಯುತ್ತೇನೆ. ಕಾಗದ ಹಾಸದೆ ಶುರು ಮಾಡಿದ್ದೆ, ಮಷೀನಿನ ಪಾದ ಪ್ಲಾಸ್ಟಿಕ್ಕಿಗೆ ಅಂಟಿ ಉದ್ದಕ್ಕೂ ಗೀರು ಬಿತ್ತು. ಎರಡನೆಯದಕ್ಕೆ ಮೇಲೂ ಕೆಳಗೂ ತೆಳು ಕಾಗದ ಹಾಸಿ ಹೊಲಿದು, ಆಮೇಲೆ ಕಾಗದ ಹರಿದು ತೆಗೆದೆ. ಅದು ನೀನು ಕಲಿಸಿದ್ದೇ. ಮರೆತಿದ್ದಕ್ಕೆ ನನಗೆ ಸರಿಯಾಯಿತು.

ಕೂರಿಸಿದ್ದು ಹೋದ ಶನಿವಾರ. ಒಳ್ಳೆಯ ಬಿಸಿಲಿತ್ತು. ಬಟ್ಟೆ ಮೆತ್ತಗಾಗಲೆಂದು ಟಾಪನ್ನು ಅಂಗಳದಲ್ಲಿ ಒಂದು ಗಂಟೆ ಹರಡಿಟ್ಟೆವು. ಪಕ್ಕದ ಮನೆಯವರು ಕಿಟಕಿಯಿಂದ ನೋಡುತ್ತಿದ್ದರು. ರಾವೆರಾ ಕಾರಿನ ಹತ್ತಿರ ನಿಲ್ಲಲಾರದೆ ರಸ್ತೆಯಲ್ಲಿ ಆಚೆಯಿಂದ ಈಚೆಗೆ ಓಡಾಡುತ್ತಿದ್ದರು. ಹಿಂಭಾಗವನ್ನು ಮೊದಲು ಬಿಗಿದೆ, ನಡುಗೆರೆಗೆ ನಡುಗೆರೆ ಕೂಡಿಸಿ. ಆಮೇಲೆ ಮುಂದಕ್ಕೆ ಎಳೆದರೆ ಎರಡು ಬೆರಳು ಸಾಲದು. ಸೆಕೊಂಡೊ ಅಡ್ಡಪಟ್ಟಿಗೆ ಜೋತುಬಿದ್ದ. ನಾನೂ ಜೋತುಬಿದ್ದೆ. ಕೊಕ್ಕೆ ಹತ್ತಿರವೂ ಬರಲಿಲ್ಲ.

“ಚಿಕ್ಕದಾಗಿ ಕತ್ತರಿಸಿಬಿಟ್ಟಿದೀಯ ಕಣೇ,” ಎಂದ ಸೆಕೊಂಡೊ, ಮೆಲ್ಲಗೆ, ರಾವೆರಾಗೆ ಕೇಳದ ಹಾಗೆ. ತಮಾಷೆ ಮಾಡಲಿಲ್ಲ. ಅವನು ತಮಾಷೆ ಮಾಡದಿದ್ದಾಗಲೇ ನನಗೆ ನಿಜವಾದ ಹೆದರಿಕೆ ಆಯಿತು.

ನಾನು ಕಾರಿನೊಳಗೆ ಹೋಗಿ ಕೂತು ಮೇಲೆ ನೋಡಿದೆ. ಗಂಡಸರು ಆ ಶೆಡ್ಡಿನಲ್ಲಿ ಏನು ಮಾಡುತ್ತಿದ್ದರೋ ನನಗೇನು ಗೊತ್ತು. ಆದರೆ ಒಳಗಿನಿಂದ ನೋಡಿದರೆ ಬಟ್ಟೆ ಬಟ್ಟೆಯೇ. ಕಮಾನುಗಳನ್ನು ಒಂದಕ್ಕೊಂದು ಹಿಡಿದಿಡುವ ದಪ್ಪ ಪಟ್ಟಿಗಳನ್ನು ಹೊಸದಾಗಿ ನಾನೇ ಹಾಕಿದ್ದೆ. ಒಂದು ಪಟ್ಟಿ ಉದ್ದವಾಗಿ, ಹಿಂದಿನ ಕಮಾನು ಹಿಂದಕ್ಕೆ ವಾಲಿ ನಿಂತಿತ್ತು. ಸೊಂಟ ಬಗ್ಗಿಸಿ ನಿಂತವರಿಗೆ ಕೋಟು ತೊಡಿಸಿದ ಹಾಗೆ. ಪಟ್ಟಿ ಬಿಚ್ಚಿ ಹಳೆಯ ಗುರುತಿಗೆ ತಂದು ಹೊಲಿದೆ. ಮತ್ತೆ ಎಳೆದೆವು. ಈ ಸಲ ಬಟ್ಟೆ ತಾನಾಗಿಯೇ ಬಂತು. ಕೊಕ್ಕೆ ಎರಡೂ ಒಂದರ ಹಿಂದೊಂದು ಟಕ್, ಟಕ್ ಎಂದು ಬಿದ್ದವು. ಟಾಪಿನ ಮೇಲೆ ಬೆರಳಲ್ಲಿ ತಟ್ಟಿದರೆ ತಮಟೆಯ ಹಾಗೆ ಸದ್ದು. ರಾವೆರಾ ಕಿವಿಯಿಟ್ಟು ಕೇಳಿ, “ಇದಕ್ಕೆ ಶ್ರುತಿ ಬೇಕಾಗಿಲ್ಲ,” ಎಂದರು.

ಪೈಪು ಹಿಡಿದು ನೀರು ಬಿಟ್ಟೆವು. ಎಡಮೂಲೆಯಲ್ಲಿ ಒಂದೇ ಒಂದು ಹನಿ. ಹೊಲಿಗೆಗೆ ಒಳಗಿನಿಂದ ಮೇಣ ಉಜ್ಜಿದೆ, ನಿಂತಿತು. ಆಮೇಲೆ ರಾವೆರಾ ಚಾಲಕನ ಸೀಟಿನಲ್ಲಿ ಕೂತು ಕನ್ನಡಿಯಲ್ಲಿ ಹಿಂದೆ ನೋಡಿದರು. ಎಷ್ಟು ಹೊತ್ತಾದರೂ ಇಳಿಯಲಿಲ್ಲ. “ಏನು ಕಾಣ್ತಿದೆ?” ಎಂದೆ. “ನಿಮ್ಮ ಎದುರುಮನೆ ಅಜ್ಜಿ ಒಣಹಾಕಿರೋ ಕಾಲುಚೀಲ,” ಎಂದರು. “ಒಂದು ತೂತಾಗಿದೆ, ಅದೂ ಕಾಣ್ತಿದೆ.” ಸೆಕೊಂಡೊ ಒಳಗೆ ಹೋಗಿ ವೈನ್ ಬಾಟಲಿ ತಂದ. ಲೋಟ ತುಂಬಿಸುತ್ತ ಬೇಲಿಯಾಚೆಯ ನೆರೆಯವರಿಗೆಲ್ಲ ಕೇಳಿಸುವಂತೆ, “ನಮ್ಮನೆಯವಳು ಒಬ್ಳೇ ಮಾಡಿದ್ದು ಇದು. ನಾನು ಬರೀ ಬಣ್ಣ ಬಳಿದೆ,” ಎಂದ. ನಲವತ್ತು ವರ್ಷದಲ್ಲಿ ಅವನ ಬಾಯಿಂದ ಇಂಥ ಮಾತು ಬಂದದ್ದು ಮೊದಲು. ನಾನು ಪಾತ್ರೆ ತೊಳೆಯುವ ನೆಪದಲ್ಲಿ ಒಳಗೆ ಹೋದೆ.

ನಿನ್ನ ಚೀಟಿಯನ್ನು ಈ ಪತ್ರದೊಳಗೆ ಇಟ್ಟಿದ್ದೇನೆ. ನಿನ್ನದು ನಿನ್ನ ಹತ್ತಿರ ಇರಲಿ. ನಿನ್ನ ಮಗಳು ವೆನೆರಾಗೆ ನನ್ನ ಆಶೀರ್ವಾದ. ನೀನು ಬೈದಾದರೂ ಸರಿ, ಬರಿ.

ಎಂದೆಂದೂ ನಿನ್ನ ಪಕ್ಕದ ಮಷೀನಿನವಳು,
ಎರ್ಸಿಲಿಯಾ

ಮರೆತ ಮಾತು: ಮರೆತಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನಿನಗೆ ಕಾಗದ ಕೊಡುವ ಹಿಂದಿನ ದಿನ ಮುಸ್ಸೊ ನನ್ನನ್ನು ಒಬ್ಬಳನ್ನೇ ಕರೆದು, “ಇದು ನಿಜವಾಗ್ಲೂ ಅವಳ ಕೈಯಾ?” ಎಂದು ಕೇಳಿದ್ದ. ಅವನಿಗೆ ಅನುಮಾನ ಬಂದಿತ್ತು. ನಾನು “ಗೊತ್ತಿಲ್ಲ” ಎಂದೆ. ನೀನು ಊರಿಗೆ ಹೋದ ಮೇಲೆ ಕಿಟಕಿ ಹೊಲಿಯುವ ಮೇಜಿನ ಮುಖ್ಯಸ್ಥೆ ಮಾಡಿದರು ನನ್ನನ್ನು. ಬೇಡ ಎನ್ನಲಿಲ್ಲ. ನಿನಗೆ ಯಾವ ಪತ್ರದಲ್ಲೂ ತಿಳಿಸಲೂ ಇಲ್ಲ.

* * *

ಲಿಕಾತಾ
11 ಜೂನ್, ಬುಧವಾರ

ಎರ್ಸಿಲಿಯಾ,

ಪತ್ರ ಬಂತು. ಚೀಟಿಯೂ ಬಂತು. ಮೂರು ಸಲ ಓದಿದೆ.

ಮೊದಲು ಕೆಲಸದ ಮಾತು. ಮೇಣ ಒಂದು ಚಳಿಗಾಲಕ್ಕೆ ಬರುತ್ತದೆ, ಎರಡಕ್ಕೆ ಬರುವುದಿಲ್ಲ. ಆ ಮೂಲೆಗೆ ಒಳಗಿನಿಂದ ಒಂದು ಪಟ್ಟಿ ಅಂಟಿಸು. ರಾವೆರಾಗೆ ಹೇಳು, ಚಳಿಯಲ್ಲಿ ಟಾಪು ಮಡಚಬಾರದು. ಮಡಚಲೇಬೇಕಾದರೆ ಕಿಟಕಿಯ ನಡುವೆ ಹಳೆಯ ಮೆತ್ತನೆ ಬಟ್ಟೆ ಇಡಲಿ. ಒಣಬಟ್ಟೆಯಲ್ಲಿ ಒರೆಸಬಾರದು, ಗೀರು ಬೀಳುತ್ತದೆ. ನೀರು, ಸಾಬೂನು, ಅಂಗೈ, ಅಷ್ಟೇ. ಇದೆಲ್ಲ ನನಗೆ ಹೇಗೆ ಗೊತ್ತು ಎನ್ನುತ್ತೀಯ. ನಾನು ಹನ್ನೆರಡು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಕಾರಿಗಲ್ಲ, ದೋಣಿಗೆ. ಮೀನುಗಾರರ ದೋಣಿಯ ಚಾವಣಿ, ಗಾಳಿ ತಡೆಯುವ ಪರದೆ, ಅದರ ಪ್ಲಾಸ್ಟಿಕ್ ಕಿಟಕಿ. ವೆನೆರಾ ಅಳತೆ ತೆಗೆಯುತ್ತಾಳೆ, ನಾನು ಹೊಲಿಯುತ್ತೇನೆ. ನಮ್ಮ ಬಂದರಿಗೆ ಬಂದು ನಿಂತು ನೋಡು, ಅರ್ಧ ದೋಣಿಗಳ ಮೇಲೆ ನನ್ನ ಹೊಲಿಗೆ. ಉಪ್ಪುನೀರು ಕಾರಿನ ಮಳೆಯಂತಲ್ಲ, ಬಟ್ಟೆಯನ್ನು ತಿನ್ನುತ್ತದೆ. ಆದರೂ ಒಬ್ಬನೂ ಬಂದು ನಿನ್ನ ಹೊಲಿಗೆ ಬಿಟ್ಟಿತು ಎಂದಿಲ್ಲ. ಕಳೆದ ವರ್ಷ ಒಬ್ಬ ಹಡಗಿನವನು ನನ್ನನ್ನು ಪಲೆರ್ಮೊಗೆ ಕರೆದ. “ನೀವೇ ಇಲ್ಲಿಗೆ ಬನ್ನಿ, ನನ್ನ ಮಷೀನು ಎಲ್ಲಿಗೂ ಹೋಗಲ್ಲ,” ಎಂದೆ. ಬಂದ.

ನೀನು ಟಾಪು ಕೂರಿಸಿದ್ದನ್ನು ಓದಿ ನನಗೆ ಬಹಳ ಸಂತೋಷ ಆಯಿತು. ಕಮಾನು ವಾಲಿದ್ದನ್ನು ಒಳಗೆ ಕೂತು ಕಂಡುಹಿಡಿದೆಯಲ್ಲ, ಅದು ಜಾಣತನ. ವೆನೆರಾಗೆ ಹೇಳಿದೆ. “ನಾನಾಗಿದ್ರೆ ಬಟ್ಟೆಗೇ ಇನ್ನೊಂದು ತುಂಡು ಸೇರಿಸಿಬಿಡ್ತಿದ್ದೆ ಅಮ್ಮಾ,” ಎಂದಳು. ಅದಕ್ಕೇ ಅವಳು ಅಳತೆ ತೆಗೆಯುವುದು, ನಾನು ಹೊಲಿಯುವುದು.

ಇನ್ನು ನಿನ್ನ ತಪ್ಪಿನ ಮಾತು. ಬೆರಳಿಗೆ ಏಳು ಹಾಕಿದ್ದಕ್ಕೆ ನನಗೆ ಕೋಪವಿಲ್ಲ. ಆ ವಯಸ್ಸಿನಲ್ಲಿ ನಾನೂ ಹಾಕುತ್ತಿದ್ದೆನೇನೋ. ನನ್ನ ಬದಲಿಗೆ ಕೂತು ಹೊಲಿದವಳು ನೀನೊಬ್ಬಳೇ, ಅದನ್ನೂ ಮರೆತಿಲ್ಲ. “ಗೊತ್ತಿಲ್ಲ” ಎಂದೆಯಲ್ಲ, ಅದಕ್ಕೆ ಕೋಪ ಬಂದಿದೆ. ಮೊದಲ ದಿನ ಪತ್ರ ತೆಗೆದು ಡಬ್ಬಿಯಲ್ಲಿ ಹಾಕಿಟ್ಟೆ. ಎರಡನೇ ದಿನ ವೆನೆರಾ ಮೇಲೆ ರೇಗಿದೆ. ಮೂರನೇ ದಿನ ನಿನ್ನ ಮುಖ ನೆನಪಾಯಿತು, ನಾವು ಊರಿಗೆ ಹೊರಟ ದಿನ ಸ್ಟೇಷನ್ನಿನಲ್ಲಿ ನನ್ನನ್ನು ತಬ್ಬಿಕೊಂಡು ಅತ್ತದ್ದು. ಬೇರೆಯಾಗುವ ದುಃಖ ಎಂದುಕೊಂಡಿದ್ದೆ. ಪೂರ್ತಿ ಅದೇ ಅಲ್ಲ ಎಂದು ಈಗ ಗೊತ್ತಾಯಿತು. ಕೋಪ ಪೂರ್ತಿ ಹೋಗಿಲ್ಲ. ಉಳಿದದ್ದನ್ನು ಎದುರಿಗೆ ಕೂತು ಬೈದು ಮುಗಿಸುತ್ತೇನೆ. ಸೆಪ್ಟೆಂಬರ್ ಮೊದಲ ವಾರ ದೋಣಿಯ ಕೆಲಸ ಕಡಿಮೆ, ನಿನ್ನ ಮನೆಗೆ ಬರುತ್ತೇನೆ. ರಾವೆರಾ ಕಾರು ತರಿಸಿಡು. ಆ ಎಡಮೂಲೆ ನನಗೆ ನೋಡಬೇಕು.

ಒಂದು ಮಾತು ಮಾತ್ರ ಈಗಲೇ ಹೇಳಬೇಕು. ನೀನು ನನ್ನನ್ನು ಮೂವತ್ತೆರಡು ವರ್ಷ ಸಂತಳ ಹಾಗೆ ಗೂಡಿನಲ್ಲಿ ಕೂರಿಸಿ ದೀಪ ಹಚ್ಚಿದ್ದೀಯ. ಇಳಿಸು. ಯಾಕೆ ಎಂದು ಸಹಿಯ ಕೆಳಗೆ ಬರೆಯುತ್ತೇನೆ. ನಿನ್ನ ಹಾಗೆ ನನಗೂ ಮೇಲೆ ಬರೆಯಲು ಕೈ ಬರುತ್ತಿಲ್ಲ.

ಸೆಕೊಂಡೊಗೆ ನಮಸ್ಕಾರ. ಬಣ್ಣ ಚೆನ್ನಾಗಿ ಬಂದಿದೆ ಎಂದು ಅವನಿಗೆ ಹೇಳು, ಪಾಪ.

ನಿನ್ನ
ಸಾಂತೀನಾ

ಕೆಳಗಿನ ಮಾತು: ಆ ಕಾಗದಕ್ಕೆ ನಿನಗೋಸ್ಕರ ಸಹಿ ಹಾಕಲಿಲ್ಲ ಎರ್ಸಿಲಿಯಾ. ಅದರಲ್ಲಿ ಏನು ಬರೆದಿದೆ ಎಂದೇ ನನಗೆ ಗೊತ್ತಿರಲಿಲ್ಲ. ನನಗೆ ಓದಲು ಬರುತ್ತಿರಲಿಲ್ಲ. ಅಂಕಿ ಬರುತ್ತಿತ್ತು, ನನ್ನ ಹೆಸರು ಬರೆಯಲು ಬರುತ್ತಿತ್ತು, ಅಷ್ಟೇ. ಮುಸ್ಸೊ ನಿಮ್ಮ ಉತ್ತರದ ಕಡೆಯ ಮಾತಿನಲ್ಲಿ ಏನೋ ಗೊಣಗಿದ, ದಕ್ಷಿಣದವಳಾದ ನನಗೆ ಅದೂ ಅರ್ಥವಾಗಲಿಲ್ಲ. ಬಸುರಿ ಎಂದು ಹೇಳಿ ಹಗುರ ಕೆಲಸ ಕೇಳು ಎಂದು ಹಿಂದಿನ ವಾರ ನೀನೇ ನನಗೆ ಹೇಳಿಕೊಟ್ಟಿದ್ದೆ. ನಾನು ಆಫೀಸಿಗೆ ಹೋಗಿ ಕೇಳಿದ್ದೆ. ಅದರ ಕಾಗದವೇ ಬಂತು ಎಂದುಕೊಂಡು ಸಂತೋಷದಿಂದ ಸಹಿ ಮಾಡಿದೆ. ನಿನ್ನ ಕಡೆ ನೋಡಿ ನಕ್ಕದ್ದು ಅದಕ್ಕೇ. ಮರುದಿನ ಬಟ್ಟೆ ಮಡಚುವ ಕೆಲಸ ಸಿಕ್ಕಿತಲ್ಲ, ಕೇಳಿದ್ದು ಕೊಟ್ಟರು ಎಂದು ಕಾಲೋಜೆರೊ ಕೂಡ ಖುಷಿಪಟ್ಟ. ಬೇರೆ ಹೆಂಗಸರು ನನ್ನ ಹತ್ತಿರ ಮಾತು ಬಿಟ್ಟಾಗ ಹೊಟ್ಟೆಕಿಚ್ಚು ಎಂದುಕೊಂಡೆ. ನಾನು ತಪ್ಪು ಒಪ್ಪಿಕೊಂಡಿದ್ದೆ ಎಂದು ನನಗೆ ಗೊತ್ತಾದದ್ದು ಹೋದ ತಿಂಗಳು, ನಿನ್ನ ಪತ್ರದಿಂದ.

ನಿನಗೆ ಬರುತ್ತಿದ್ದ ಪತ್ರಗಳೆಲ್ಲ ಕಾಲೋಜೆರೊ ಬರೆದವು. ನಾನು ಹೇಳುತ್ತಿದ್ದೆ, ಅವನು ಬರೆಯುತ್ತಿದ್ದ. ನಾನು ದೋಣಿಯ ಚಾವಣಿ ಎಂದರೆ ಅವನು ಸಂಜೆಯ ಬಣ್ಣ ಬರೆಯುತ್ತಿದ್ದ. ನಿಂಬೆಗಿಡ ನಮ್ಮ ಮನೆಯಲ್ಲಿ ಇಲ್ಲವೇ ಇಲ್ಲ. ಅವನು ಹೋದ ಮೇಲೆ ವೆನೆರಾ, “ನಾನು ಬರ್ದುಕೊಡ್ತೀನಿ, ಹೇಳು ಅಮ್ಮಾ,” ಎಂದಳು. ಬೇಡ ಎಂದೆ. ಚರ್ಚಿನ ಹಿಂದಿನ ಶಾಲೆಯಲ್ಲಿ ದೊಡ್ಡವರಿಗೆ ಪಾಠ ಹೇಳುತ್ತಾರೆ. ವಾರಕ್ಕೆ ಮೂರು ದಿನ, ಎರಡು ಚಳಿಗಾಲ ಹೋದೆ. ನನ್ನ ಪಕ್ಕದ ಬೆಂಚಿನವನು ಎಂಬತ್ತು ವರ್ಷದ ಮೀನುಗಾರ, ನನ್ನದನ್ನೇ ನೋಡಿ ಬರೆಯುತ್ತಿದ್ದ.

ಇದು ನಾನು ಬರೆದ ಮೊದಲ ಪತ್ರ. ಆರು ದಿನ ಹಿಡಿಯಿತು. ವೆನೆರಾಗೂ ತೋರಿಸಿಲ್ಲ, ಟೀಚರಿಗೂ ತೋರಿಸಿಲ್ಲ. ತಪ್ಪಿದ್ದರೆ ನಗಬೇಡ. ಸೆಪ್ಟೆಂಬರಿನಲ್ಲಿ ನನ್ನನ್ನು ಕರೆದುಕೊಂಡು ಹೋಗಲು ಸ್ಟೇಷನ್ನಿಗೆ ಬರುತ್ತೇನೆ ಎನ್ನುತ್ತೀಯ, ನನಗೆ ಗೊತ್ತು. ಬರಬೇಡ. ಯಾವ ರೈಲು, ಯಾವ ಪ್ಲಾಟ್‌ಫಾರಂ, ಯಾವ ಬಸ್ಸು, ಎಲ್ಲ ಬೋರ್ಡಿನಲ್ಲಿ ಬರೆದಿರುತ್ತದೆ. ಓದಿಕೊಂಡು ಬರುತ್ತೇನೆ.